ಆವಿಗೆಯ ಸಾಕ್ಷಿ

‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆಯನ್ನು ಕೇಳದವರಾರು? ಆದರೆ ಗಡಿಗೆಯನ್ನು ಕೆಡಿಸಲು ದೊಣ್ಣೆಯೇ ಬೇಕೆಂಬ ನಿಯಮವೇನೂ ಇಲ್ಲ. ಮಣ್ಣನ್ನು ಹದಮಾಡಿ, ತಿಗರಿಯ ಮೇಲೆ ತಿರುವಿ, ನೆರಳಿನಲ್ಲಿ ಒಣಗಿಸಿ, ಮೆರುಗು ಬಳಿದು, ಆವಿಗೆಯಲ್ಲಿ ಜೋಡಿಸಿದ ಒಂದು ತಿಂಗಳ ದುಡಿಮೆಯನ್ನು ಗೇಣುದ್ದದ ಲೋಹದ ಕಡ್ಡಿಯೊಂದು ಒಂದೇ ರಾತ್ರಿಯಲ್ಲಿ ಹಾಳುಮಾಡಬಲ್ಲುದು. ವಿದ್ಯುತ್ ಆವಿಗೆಯ ಒಳಗಿನ ಕಾವನ್ನು ಅಳೆಯುವ ಈ ಕಡ್ಡಿಗೆ ಪಂಡಿತರು ಉಷ್ಣಯುಗ್ಮವೆನ್ನುವರು. ಅಂಗಡಿಯವರು ಥರ್ಮೋಕಪಲ್ ಎನ್ನುವರು. ಹಳೆಯದನ್ನು ತೆಗೆದು ಹೊಸದನ್ನು ಆರಿಸುವ ಕೆಲಸವು ಈಚೆಗೆ ನಮ್ಮ ಪಾಲಿಗೆ ಬಂದಿತು.

ನನ್ನ ತಂಗಿಯು ಬಟ್ಟಲು, ತಟ್ಟೆ, ಹೂಜಿಗಳನ್ನು ಮಾಡಿ ಮಾರುವವಳು. ಅವಳ ಸಂಸಾರದ ಖರ್ಚಿನ ಬಹುಭಾಗವು ಹಿತ್ತಿಲಿನ ಪುಟ್ಟ ಆವಿಗೆಯಿಂದಲೇ ಹೊರಡತಕ್ಕದ್ದು. ಅವಳ ಪಾತ್ರೆಗಳು ಸುಮಾರು 1,220 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಬೇಯಬೇಕು. ಒಂದು ಸಂಜೆ ಯಂತ್ರದ ಅಂಕಿಯು ಇನ್ನೂ 1,190 ಎಂದು ತೋರಿಸುತ್ತಿದ್ದಾಗಲೇ, ಅವಳು ಕರಿಗಾಜಿನ ಕನ್ನಡಕವಿಟ್ಟು ಕಿಂಡಿಯಿಂದ ಇಣುಕಿ ನೋಡಿದಳು. ಒಳಗಿಟ್ಟಿದ್ದ ಆರನೆಯ ಅಂಕದ ಕೋನ್ ಆಗಲೇ ತಲೆಬಾಗಿಸಿತ್ತು. ತಕ್ಷಣವೇ ಆವಿಗೆಯನ್ನು ನಿಲ್ಲಿಸಿದಳು, ಪಾತ್ರೆಗಳು ಉಳಿದುವು.

ಈ ಕೋನ್ ಎಂಬುದು, ಗೊತ್ತಾದ ಕಾವಿಗೆ ಮೆತ್ತಗಾಗಿ ಬಾಗುವಂತೆ ಮಣ್ಣು ಮತ್ತು ಖನಿಜಗಳನ್ನು ಬೆರಸಿ ಮಾಡಿದ ಪುಟ್ಟ ಗೋಪುರ. ಬರ್ಲಿನ್ನಿನ ಹರ್ಮನ್ ಸೇಗರ್ ಎಂಬಾತನು 1886ರಲ್ಲಿ ಇದನ್ನು ಬಳಕೆಗೆ ತಂದನು. ಅಮೆರಿಕದ ಎಡ್ವರ್ಡ್ ಆರ್ಟನ್ 1896ರಿಂದ ತನ್ನ ದೇಶದಲ್ಲಿ ತಯಾರಿಸತೊಡಗಿದನು. ಪಾತ್ರೆಯ ಪಕ್ಕದಲ್ಲಿಯೇ ಕುಳಿತು, ಅದು ಉಂಡಷ್ಟು ಕಾವನ್ನೇ ತಾನೂ ಉಣ್ಣುವ ಈ ಸಾಕ್ಷಿಯ ಮಾತು ಕಾವಿನ ಮಟ್ಟವನ್ನಲ್ಲದೆ ಅದು ನಿಂತ ಹೊತ್ತನ್ನೂ ಒಳಗೊಂಡಿರುತ್ತದೆ.

ಹಾಗಾದರೆ ಕಡ್ಡಿಯು ತಪ್ಪು ಹೇಳಿದುದೇಕೆ? ಎರಡು ಬೇರೆ ಬೇರೆ ಲೋಹಗಳ ತಂತಿಗಳನ್ನು ತುದಿಯಲ್ಲಿ ಬೆಸೆದು ಆ ತುದಿಯನ್ನು ಕಾಯಿಸಿದರೆ ಅತ್ಯಲ್ಪವಾದ ವಿದ್ಯುತ್ತು ಹುಟ್ಟುತ್ತದೆ. ಸೀಬೆಕ್ ಎಂಬ ವಿಜ್ಞಾನಿಯು 1821ರಲ್ಲಿ ಕಂಡ ಸಂಗತಿಯಿದು. ಯಂತ್ರವು ಆ ವಿದ್ಯುತ್ತನ್ನು ಅಳೆದು ಡಿಗ್ರಿಯ ಲೆಕ್ಕಕ್ಕೆ ತಿರುಗಿಸುತ್ತದೆ. ‘ಕೆ’ ಜಾತಿಯ ಕಡ್ಡಿಯಲ್ಲಿ ಎರಡು ತಂತಿಗಳಿಗೂ ನಿಕಲ್ಲೇ ಮೂಲ. ಬಹುಕಾಲ ಉರಿಯಲ್ಲಿ ನಿಂತರೆ ಲೋಹವು ಸುಟ್ಟು ಕಿಲುಬುಗಟ್ಟಿ ಅದರ ಗುಣವೇ ಮಾರ್ಪಡುತ್ತದೆ. ಆಗ ಅದು ಇದ್ದ ಕಾವಿಗಿಂತ ಕಡಿಮೆ ತೋರಿಸುವುದುಂಟು. ಯಂತ್ರವು ಅದನ್ನೇ ನಂಬಿ ಇನ್ನಷ್ಟು ಕಾಯಿಸುತ್ತದೆ. ಕಡ್ಡಿಯು ಮುರಿದೇ ಹೋದರೆ ಸಾಮಾನ್ಯವಾಗಿ ಯಂತ್ರವು ದೋಷವನ್ನು ತೋರಿಸಿ ನಿಂತುಬಿಡುತ್ತದೆ. ಬದುಕಿದ್ದು ಮೆಲ್ಲಮೆಲ್ಲನೆ ಸುಳ್ಳಾಡುವ ಕಡ್ಡಿಯೇ ಅದಕ್ಕಿಂತ ಅಪಾಯಕರವಾದುದು.

ಅಂಗಡಿಯಲ್ಲಿ ವ್ಯಾಪಾರಿಯು, ‘ಪ್ಲಾಟಿನಮ್ಮಿನದನ್ನು ಹಾಕಿಬಿಡಿ ಸ್ವಾಮಿ, ಅದಕ್ಕಿಂತ ಉತ್ತಮವಾದುದಿಲ್ಲ’ ಎಂದನು. ಅವನ ಮಾತು ಸುಳ್ಳಲ್ಲ. ಪ್ಲಾಟಿನಮ್ ಮತ್ತು ರೋಡಿಯಂ ಬೆರಕೆಯ ‘ಎಸ್’ ಜಾತಿಯದು ಹೆಚ್ಚಿನ ಕಾವಿನಲ್ಲಿಯೂ ಬಹುದಿನ ಸ್ಥಿರವಾಗಿ ನಿಲ್ಲುತ್ತದೆ. ಆದರೆ ಬೆಲೆಯು ಹಲವು ಪಟ್ಟು. ಅದನ್ನು ಪಿಂಗಾಣಿಯಂತಹ ಕೊಳವೆಯೊಳಗಿಟ್ಟು ಲೋಹದ ಆವಿಯು ಸೋಕದಂತೆ ಕಾಪಾಡಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಅದರ ಭಾಷೆಯೇ ಬೇರೆ. 1,000 ಡಿಗ್ರಿಯಲ್ಲಿ ‘ಕೆ’ ಸುಮಾರು 41 ಮಿಲಿವೋಲ್ಟುಗಳನ್ನು ಕೊಟ್ಟರೆ ‘ಎಸ್’ ಸುಮಾರು 9.6ನ್ನು ಮಾತ್ರ ಕೊಡುತ್ತದೆ. ‘ಕೆ’ಗೆ ಹೊಂದಿಸಿದ ಯಂತ್ರಕ್ಕೆ ‘ಎಸ್’ ಕಡ್ಡಿಯನ್ನು ಜೋಡಿಸಿದರೆ, ಆವಿಗೆಯು 1,000 ಡಿಗ್ರಿ ಮುಟ್ಟಿದ್ದರೂ ಯಂತ್ರವು ‘ಇನ್ನೂ 300 ಕೂಡ ಆಗಿಲ್ಲ’ ಎಂದುಕೊಂಡು ಕಾಯಿಸುತ್ತಲೇ ಹೋಗುವುದು. ಪಾತ್ರೆಗಳಲ್ಲದೆ ಆವಿಗೆಯೂ ಕೆಡಬಹುದು. ಆದುದರಿಂದ ಜಾತಿಯನ್ನು ಬದಲಿಸುವವರು ಯಂತ್ರದ ಹೊಂದಾಣಿಕೆಯನ್ನೂ, ಕಡ್ಡಿಯಿಂದ ಯಂತ್ರಕ್ಕೆ ಹೋಗುವ ತಂತಿಯನ್ನೂ ಜೊತೆಯಲ್ಲಿಯೇ ಬದಲಿಸತಕ್ಕದ್ದು. ಆ ತಂತಿಯ ಸ್ಥಾನದಲ್ಲಿ ಮನೆಯಲ್ಲಿ ಸಿಕ್ಕ ತಾಮ್ರದ ತಂತಿಯನ್ನು ಹಾಕಿದರೂ ಲೆಕ್ಕವು ತಪ್ಪುತ್ತದೆ.

ತಂಗಿಯು ಎಲ್ಲವನ್ನೂ ಕೇಳಿಕೊಂಡು, ‘ಅಣ್ಣಾ, ಒಂದು ಎಸ್ ಕೊಳ್ಳುವ ಹಣದಲ್ಲಿ ಎಷ್ಟೋ ಕೆ ಬರುತ್ತವೆ. ದಪ್ಪ ತಂತಿಯದನ್ನು ತೆಗೆದುಕೊಂಡು ಹೊತ್ತಿಗೆ ಸರಿಯಾಗಿ ಬದಲಿಸಿದರೆ ನನಗೆ ಸಾಕು’ ಎಂದಳು. ‘ಕೆ’ ಜಾತಿಯ ಮೇಲಿನ ಮಿತಿಯು ಸುಮಾರು 1,260 ಡಿಗ್ರಿ. ಅವಳ ಕೆಲಸವು ಆ ಗಡಿಯ ಸಮೀಪದಲ್ಲಿಯೇ ನಡೆಯುವುದರಿಂದ ಕಡ್ಡಿಯು ಬೇಗನೆ ಮುಪ್ಪಾಗುವುದು ಸಹಜ. ಅದಕ್ಕಾಗಿಯೇ 3 ಮಿಲಿಮೀಟರಿಗಿಂತ ಕೊಂಚ ದಪ್ಪನಾದ ತಂತಿಯನ್ನು ಆರಿಸಿದೆವು. ತೆಳುವಾದುದು ಬೇಗನೆ ಸವೆಯುತ್ತದೆ. ತುದಿಯು ಇಟ್ಟಿಗೆಯ ಗೋಡೆಯಲ್ಲಿ ಹುದುಗಿ ಉಳಿಯದೆ ಆವಿಗೆಯ ಒಡಲೊಳಗೆ ಚಾಚಿರುವಂತೆ ಉದ್ದವನ್ನೂ ಅಳೆದೆವು.

ಜೋಡಿಸುವಾಗ ಬಣ್ಣಗಳ ವಿಷಯದಲ್ಲಿ ಎಚ್ಚರ ಬೇಕು. ಅಮೆರಿಕದ ಪದ್ಧತಿಯಲ್ಲಿ ‘ಕೆ’ಯ ಹಳದಿಯು ಧನ, ಕೆಂಪು ಋಣ, ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಹಸುರು ಧನ, ಬಿಳುಪು ಋಣ. ಸಂದೇಹ ಬಂದರೆ ಆಯಸ್ಕಾಂತವೊಂದನ್ನು ಕಡ್ಡಿಯ ತಂತಿಗಳಿಗೆ ಹಿಡಿದು ನೋಡಬಹುದು. ಅಂಟಿಕೊಳ್ಳುವುದು ಋಣದ ತಂತಿ. ಅದಲುಬದಲಾದರೆ ಆವಿಗೆಯು ಕಾದಂತೆಲ್ಲ ಅಂಕಿಯು ಇಳಿಯತೊಡಗುವುದು. ಇಷ್ಟೆಲ್ಲಕ್ಕೂ ಮೊದಲು ಆವಿಗೆಯ ವಿದ್ಯುತ್ ಸಂಪರ್ಕವನ್ನು ತಪ್ಪಿಸಿರಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಹೊಸ ಕಡ್ಡಿಯನ್ನು ಹಾಕಿದ ದಿನವನ್ನು ತಂಗಿಯು ಒಂದು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿದಳು. ಅದರ ಕೆಳಗೆ ಪ್ರತಿಯೊಂದು ಸುಡಿಕೆಗೂ ಎರಡು ಕಲಮುಗಳು: ಯಂತ್ರ ತೋರಿಸಿದ ಅಂಕಿ ಒಂದು, ಕೋನ್ ಬಾಗಿದ ಬಗೆ ಇನ್ನೊಂದು. ಇವೆರಡಕ್ಕೂ ಮನಸ್ತಾಪ ಬಂದ ದಿನ ಮತ್ತೆ ಅಂಗಡಿಗೆ ಹೋಗುವುದೆಂದು ನಿಶ್ಚಯಿಸಿದ್ದಾಳೆ. ಬೆಲೆಬಾಳುವ ಅಳತೆಗೋಲನ್ನು ಕೊಳ್ಳಲಾರದ ಸಂಸಾರಸ್ಥರಿಗೂ ಅಗ್ಗದ ಸಾಕ್ಷಿಯೊಂದನ್ನು ಅದರ ಪಕ್ಕದಲ್ಲಿರಿಸಿಕೊಳ್ಳುವ ಅನುಕೂಲವಿದ್ದೇ ಇದೆ. ಮೊನ್ನೆಯ ಸುಡಿಕೆಯಲ್ಲಿ ಯಂತ್ರವೂ ಕೋನೂ ಒಂದೇ ಮಾತನ್ನು ಹೇಳಿದುವು. ತಂಗಿಯು ಆ ರಾತ್ರಿ ನಿಶ್ಚಿಂತೆಯಿಂದ ಮಲಗಿದಳು.