ಉದ್ಯೋಗೀ ಹಿಂಸೆಯೆಂಬ ನೆಪ

ಗೃಹಸ್ಥನಾದ ಶ್ರಾವಕನು ಹಿಂಸೆಯನ್ನು ಪೂರ್ಣವಾಗಿ ತ್ಯಜಿಸಲಾರನೆಂಬುದನ್ನು ನಮ್ಮ ಪರಂಪರೆ ಬಲ್ಲುದು. ಆದುದರಿಂದಲೇ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿ, ಮೊದಲನೆಯದನ್ನು ಸಂಪೂರ್ಣವಾಗಿ ಬಿಡಬೇಕೆಂದೂ ಉಳಿದವುಗಳಲ್ಲಿ ಯತ್ನಾಚಾರದಿಂದ ನಡೆಯಬೇಕೆಂದೂ ವಿಧಿಸಿದೆ. ನಲವತ್ತು ವರ್ಷಗಳಿಂದ ಧಾನ್ಯದ ವ್ಯಾಪಾರದಲ್ಲಿರುವ ನಾನು ಒಂದು ಸಂಗತಿಯನ್ನು ಮತ್ತೆ ಮತ್ತೆ ಕಂಡಿದ್ದೇನೆ. ಗಿರಣಿಯಲ್ಲೋ ಗೋದಾಮಿನಲ್ಲೋ ಕೆಲಸಗಾರನಿಗೆ ಅಪಘಾತವಾದಾಗ ನಮ್ಮಲ್ಲಿ ಕೆಲವರು ಎರಡು ಮಾತುಗಳನ್ನಾಡುತ್ತಾರೆ. ‘ಇದು ಉದ್ಯೋಗೀ ಹಿಂಸೆ, ಅನಿವಾರ್ಯ’ ಎಂಬುದು ಒಂದು. ‘ಅವನ ಕರ್ಮೋದಯ’ ಎಂಬುದು ಇನ್ನೊಂದು. ಇವೆರಡೂ ಶಾಸ್ತ್ರದ ಹೆಸರಿನಲ್ಲಿ ಹೇಳುವ ನೆಪಗಳೆಂದು ನನ್ನ ಅಭಿಪ್ರಾಯ.

ತತ್ತ್ವಾರ್ಥಸೂತ್ರಕಾರರು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಗೆ ಪ್ರಮತ್ತಯೋಗವನ್ನು ಕಾರಣವಾಗಿ ಸೇರಿಸಿದ್ದಾರೆ. ಅಂದರೆ ಅಜಾಗರೂಕತೆಯೇ ಹಿಂಸೆಯ ಬೇರು. ಮಾಡಬಹುದಾದ ಎಚ್ಚರಿಕೆಯನ್ನೆಲ್ಲ ಮಾಡಿದ ಮೇಲೂ ಉಳಿಯುವುದನ್ನು ಮಾತ್ರ ಅನಿವಾರ್ಯವೆನ್ನಬಹುದು. ನೂರಿನ್ನೂರು ರೂಪಾಯಿಯ ತಗಡಿನ ಮುಚ್ಚಳದಿಂದ ತಪ್ಪಿಸಬಹುದಾಗಿದ್ದ ಗಾಯವು ಆ ವರ್ಗಕ್ಕೆ ಸೇರದು. ಇನ್ನು ಕರ್ಮೋದಯದ ಮಾತು. ನೊಂದವನ ಕರ್ಮವು ಅವನದು. ನಮ್ಮ ಉಪೇಕ್ಷೆಯಿಂದಾಗುವ ಆಸ್ರವವು ನಮ್ಮದು. ಒಬ್ಬರ ಖಾತೆಯನ್ನು ತೋರಿಸಿ ಇನ್ನೊಬ್ಬರ ಸಾಲವನ್ನು ತೀರಿಸಲಾಗದೆಂಬುದು ವರ್ತಕರಾದ ನಮಗೆ ತಿಳಿಯದ್ದೇನಲ್ಲ.

ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ‘ಅತಿಭಾರಾರೋಪಣ’ ಒಂದು. ಪ್ರವಚನಗಳಲ್ಲಿ ಇದನ್ನು ಸಾಮಾನ್ಯವಾಗಿ ಎತ್ತು ಕತ್ತೆಗಳ ದೃಷ್ಟಾಂತದಿಂದ ವಿವರಿಸುತ್ತಾರೆ. ಆದರೆ ನಾನು ವ್ಯಾಪಾರಕ್ಕೆ ಇಳಿದ ಕಾಲದಲ್ಲಿ ಹಮಾಲರು ಹೊರುತ್ತಿದ್ದ ಗೋಣಿಚೀಲ ಒಂದು ಕ್ವಿಂಟಲ್ ತೂಗುತ್ತಿತ್ತು. ಅದನ್ನು ಬೆನ್ನಿಗೇರಿಸಿಕೊಂಡು ಹಲಗೆಯ ಮೇಲೆ ನಡೆದು ಲಾರಿಗೆ ತುಂಬುತ್ತಿದ್ದವರು ನಲವತ್ತೈದಕ್ಕೇ ಸೊಂಟ ಹಿಡಿದು ಕುಳಿತುದನ್ನು ಕಂಡಿದ್ದೇನೆ. 1967ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು ಗರಿಷ್ಠ ಭಾರದ ಕುರಿತು ಒಪ್ಪಂದವನ್ನು ರೂಪಿಸಿತು. ಅದರ ಜೊತೆಗಿನ ಶಿಫಾರಸಿನಲ್ಲಿ ವಯಸ್ಕ ಪುರುಷನ ಹೊರೆಗೆ 55 ಕಿಲೋ ಎಂಬ ಮಿತಿಯನ್ನು ಸೂಚಿಸಿತು. ಭಾರತವು ಆ ಒಪ್ಪಂದವನ್ನು ಅನುಮೋದಿಸಿದ್ದು 2010ರಲ್ಲಿ. ಅದಕ್ಕೂ ಬಹಳ ಮೊದಲೇ ಅತಿಭಾರವನ್ನು ದೋಷವೆಂದು ಪಾಠ ಮಾಡಿಕೊಂಡು ಬಂದ ನಾವು ಚೀಲದ ತೂಕವನ್ನು ಇಳಿಸಲು ಕಾಯ್ದೆಗಾಗಿ ಕಾಯಬೇಕಾಗಿರಲಿಲ್ಲ.

ಐವತ್ತು ಕಿಲೋ ಚೀಲ ಬಂದಾಗ ನಮ್ಮ ಪೇಟೆಯ ಕೆಲವು ಹಮಾಲರೇ ಅದನ್ನು ಒಪ್ಪಲಿಲ್ಲ. ಕೂಲಿಯು ಚೀಲದ ಲೆಕ್ಕದಲ್ಲಿತ್ತು. ದರವನ್ನು ಅರ್ಧಕ್ಕಿಂತ ಕೆಳಗಿಳಿಸಿಯಾರೆಂಬ ಭಯ ಅವರಿಗಿತ್ತು. ಕೂಲಿಯನ್ನು ಕ್ವಿಂಟಲ್ ಲೆಕ್ಕದಲ್ಲಿ ಗೊತ್ತುಮಾಡಿದ ಅಂಗಡಿಗಳಲ್ಲಿ ಆ ತಕರಾರು ತಾನಾಗಿ ಅಡಗಿತು. ಕೆಲಸಗಾರನೇ ರಕ್ಷಣೆಯನ್ನು ಬೇಡವೆಂದಾಗ ಅವನ ಅಜ್ಞಾನವನ್ನು ಹಳಿಯುವ ಮೊದಲು ಅದರ ಹಿಂದಿರುವ ಕೂಲಿಯ ಲೆಕ್ಕವನ್ನು ನೋಡಬೇಕು.

ಸತ್ಯಾಣುವ್ರತದ ಅತಿಚಾರಗಳಲ್ಲಿ ‘ಕೂಟಲೇಖ’ವೂ ಒಂದು, ಸುಳ್ಳು ಬರಹವನ್ನು ಸೃಷ್ಟಿಸುವುದು ಎಂದರ್ಥ. ನನಗೆ ಪರಿಚಿತವಾದ ಒಂದು ಅಕ್ಕಿ ಗಿರಣಿಯಲ್ಲಿ ಯಂತ್ರದ ಬೆಲ್ಟಿಗೆ ಹಾಕಿದ್ದ ಜಾಲರಿಯನ್ನು ದುರಸ್ತಿಗೆಂದು ತೆಗೆದವರು ಮರಳಿ ಹಾಕಲಿಲ್ಲ. ಹುಡುಗನೊಬ್ಬನ ಎರಡು ಬೆರಳುಗಳು ಹೋದವು. ಆ ತಿಂಗಳ ಪುಸ್ತಕದಲ್ಲಿ ಮಾತ್ರ ‘ಎಲ್ಲ ರಕ್ಷಣೆಗಳೂ ಕ್ರಮವಾಗಿವೆ’ ಎಂದು ಅಚ್ಚುಕಟ್ಟಾಗಿ ಬರೆದಿತ್ತು. ಮೇಲ್ವಿಚಾರಕನನ್ನು ಕೇಳಿದಾಗ, “ಸಾಹುಕಾರರೇ, ಇನ್ಸ್‌ಪೆಕ್ಟರ್ ಸಾಹೇಬರು ಬರುವ ಹಿಂದಿನ ದಿನ ಕುಳಿತು ಮೂರು ತಿಂಗಳದ್ದನ್ನು ಒಟ್ಟಿಗೇ ಬರೆದುಬಿಡುತ್ತೇವೆ” ಎಂದು ಸಂಕೋಚವಿಲ್ಲದೆ ಹೇಳಿದ. ಬರೆದವನು ಅವನು, ಬರೆಯಿಸಿದವರು ಬೇರೆ, ನೋಡಿಯೂ ಸುಮ್ಮನಿದ್ದವರು ಇನ್ನೂ ಕೆಲವರು. ಕೃತ, ಕಾರಿತ, ಅನುಮೋದಿತ ಎಂಬ ಮೂರೂ ಬಗೆಗಳು ಅಲ್ಲಿದ್ದವು.

ಬಿ.ಕಾಂ. ತರಗತಿಯಲ್ಲಿ ನಾವು ಇಂಗ್ಲೆಂಡಿನ ಕಿಂಗ್‌ಸ್ಟನ್ ಹತ್ತಿ ಗಿರಣಿಯ 1896ರ ಮೊಕದ್ದಮೆಯನ್ನು ಓದಿದ್ದೆವು. ದಾಸ್ತಾನು ಇಷ್ಟಿದೆಯೆಂದು ವ್ಯವಸ್ಥಾಪಕನು ಕೊಟ್ಟ ಸುಳ್ಳು ಪತ್ರವನ್ನು ನಂಬಿದ ಲೆಕ್ಕಪರಿಶೋಧಕರನ್ನು, ಸಂಶಯಕ್ಕೆ ಕಾರಣವಿರಲಿಲ್ಲವೆಂದು ನ್ಯಾಯಾಲಯವು ಹೊಣೆ ಮಾಡಲಿಲ್ಲ. ಸುರಕ್ಷತೆಯ ಹೊಣೆ ಹೊತ್ತವನಿಗೆ ಈ ವಿನಾಯಿತಿ ಸಲ್ಲದು. ಕಳೆದ ಹಣವನ್ನು ಗಳಿಸಬಹುದು, ಬೆರಳನ್ನು ಗಳಿಸಲಾಗದು. ಆದುದರಿಂದ ತಾನೇ ಹೋಗಿ ನೋಡದೆ ಸಹಿ ಮಾಡದಿರುವುದು ಅವನ ವೃತ್ತಿಧರ್ಮದ ಮೊದಲ ನಿಯಮವಾಗಬೇಕು.

1984ರ ಡಿಸೆಂಬರ್ 2-3ರ ರಾತ್ರಿ ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ವಿಷಾನಿಲ ಸೋರಿ ಸಾವಿರಾರು ಜನರು ಮಡಿದರು. ಅಲ್ಲಿ ರಕ್ಷಣೆಯ ಸಲಕರಣೆ ಇರಲೇ ಇಲ್ಲವೆಂದಲ್ಲ. ಟ್ಯಾಂಕನ್ನು ತಂಪಾಗಿಡಬೇಕಾಗಿದ್ದ ಯಂತ್ರವನ್ನು ತಿಂಗಳುಗಳ ಹಿಂದೆಯೇ ನಿಲ್ಲಿಸಿದ್ದರು. ಅನಿಲವನ್ನು ಸುಡಬೇಕಾಗಿದ್ದ ಗೋಪುರದ ಕೊಳವೆಯನ್ನು ಕಳಚಿಟ್ಟಿದ್ದರು. ಆ ಬಳಿಕ 1987ರಲ್ಲಿ ಕಾರ್ಖಾನೆಗಳ ಕಾಯ್ದೆಗೆ ತಿದ್ದುಪಡಿ ತಂದು, ಅಪಾಯಕಾರಿ ಪ್ರಕ್ರಿಯೆಗಳಲ್ಲಿ ದುಡಿಯುವವರಿಗೆ ಸನ್ನಿಹಿತ ಅಪಾಯವನ್ನು ಕುರಿತು ಎಚ್ಚರಿಸುವ ಹಕ್ಕನ್ನು ನೀಡಲಾಯಿತು. ಹಕ್ಕು ಕಾಗದದಲ್ಲಿದ್ದರೆ ಸಾಲದು. ಎಚ್ಚರಿಸಿದವನನ್ನು ಮರುದಿನ ಕೆಲಸದಿಂದ ತೆಗೆಯದ ಧಣಿಯೂ ಬೇಕು.

ನಮ್ಮ ಬಸದಿಗಳ ಟ್ರಸ್ಟಿಗಳಲ್ಲಿ ಒಂದು ಬಿನ್ನಹ. ಜೀರ್ಣೋದ್ಧಾರವೆಂದರೆ ಶಿಖರಕ್ಕೆ ಅಟ್ಟಣಿಗೆ ಕಟ್ಟಬೇಕು, ಬಣ್ಣದವರು ಎತ್ತರದಲ್ಲಿ ನಿಲ್ಲಬೇಕು. ಅತಿ ಕಡಿಮೆ ದರ ಹೇಳಿದವನಿಗೇ ಗುತ್ತಿಗೆ ಕೊಟ್ಟರೆ ಅವನು ಉಳಿತಾಯವನ್ನು ಹುಡುಕುವುದು ಅಟ್ಟಣಿಗೆಯ ಹಗ್ಗದಲ್ಲಿಯೇ. ಸುರಕ್ಷತೆಯ ವೆಚ್ಚವನ್ನು ಅಂದಾಜಿನಲ್ಲಿ ಬೇರೆಯಾಗಿ ನಮೂದಿಸಿ, ಅದರಲ್ಲಿ ಚೌಕಾಸಿ ಮಾಡದಿರಬೇಕು. ಯಾತ್ರಿನಿವಾಸಗಳ ಸೆಪ್ಟಿಕ್ ಟ್ಯಾಂಕಿನ ವಿಷಯವು ಇನ್ನೂ ಗಂಭೀರ. ಅದರೊಳಗಿನ ಅನಿಲವು ಇಳಿದವನನ್ನು ಕ್ಷಣದಲ್ಲಿ ಕೆಡಹುತ್ತದೆ. ಅವನನ್ನು ಎತ್ತಲು ಇಳಿದವನೂ ಉಳಿಯುವುದಿಲ್ಲ. 2013ರ ಕಾಯ್ದೆಯು ರಕ್ಷಣಾ ಸಾಧನವಿಲ್ಲದೆ ಮನುಷ್ಯರನ್ನು ಅದರೊಳಗೆ ಇಳಿಸುವುದನ್ನು ನಿಷೇಧಿಸಿದೆ. ಚರಂಡಿಗಳಲ್ಲಿ ಸತ್ತವರ ಕುಟುಂಬಕ್ಕೆ 2014ರಲ್ಲಿ 10 ಲಕ್ಷ ರೂಪಾಯಿ ಪರಿಹಾರವನ್ನು ವಿಧಿಸಿದ್ದ ಸರ್ವೋಚ್ಚ ನ್ಯಾಯಾಲಯವು 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಪರಿಹಾರದ ಮೊತ್ತವನ್ನು ಕುರಿತು ಚಿಂತಿಸುವುದಕ್ಕಿಂತ, ಯಂತ್ರವುಳ್ಳ ವಾಹನವನ್ನೇ ಕರೆಯಿಸುವುದೆಂದು ಟ್ರಸ್ಟಿನ ಸಭೆಯಲ್ಲಿ ಒಂದು ಠರಾವು ಮಾಡುವುದು ಮೇಲು.

ನೀರನ್ನು ಸೋಸಿ ಕುಡಿಯುವವರು ನಾವು. ಸೂರ್ಯಾಸ್ತದ ಬಳಿಕ ಉಣ್ಣದವರು. ಕಣ್ಣಿಗೆ ಕಾಣದ ಜೀವಗಳಿಗೆ ಸಲ್ಲುವ ಈ ಎಚ್ಚರವು, ದಿನವೂ ಎದುರಿಗೆ ನಿಂತು ಕೈಮುಗಿಯುವ ಪಂಚೇಂದ್ರಿಯ ಜೀವಕ್ಕೆ ಸಲ್ಲದಿದ್ದರೆ ಆ ವ್ರತವು ಅಪೂರ್ಣ. ಮುಂದಿನ ಚತುರ್ದಶಿಯಂದು ಪ್ರತಿಕ್ರಮಣಕ್ಕೆ ಕುಳಿತುಕೊಳ್ಳುವ ಮುನ್ನ ಪ್ರತಿಯೊಬ್ಬ ವರ್ತಕನೂ ತನ್ನ ಗೋದಾಮನ್ನು ಒಮ್ಮೆ ಸುತ್ತಿಬರಲಿ. ಚೀಲದ ತೂಕ, ಬೆಲ್ಟಿನ ಜಾಲರಿ, ಏಣಿಯ ಮೆಟ್ಟಿಲು, ವಿದ್ಯುತ್ ತಂತಿ, ಇಷ್ಟನ್ನು ತಾನೇ ನೋಡಲಿ. ಸಹಿಯು ಆಮೇಲೆ ಬೀಳಲಿ.