ಗಿಡಕ್ಕೆ ಮೊದಲು ಬೆಳಕು ಬೇಕು

ಕರಾವಳಿಯ ಹೆಂಗಸರಿಗೆ ಗಿಡವೆಂದರೆ ಬರೀ ಅಲಂಕಾರವಲ್ಲ, ಅದು ಕೈಗೆ ನಾಲ್ಕು ಕಾಸು ತರುವ ಆಸರೆಯೂ ಹೌದು. ಕಾಪು ತಾಲೂಕಿನ ಶಂಕರಪುರದ ಸುತ್ತಮುತ್ತ ಮಲ್ಲಿಗೆ ಕಟ್ಟಿಯೇ ಸಂಸಾರ ತೂಗಿಸಿದ ತಾಯಂದಿರು ಎಷ್ಟೋ ಮಂದಿ. 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ ಎಂಬ ಲೆಕ್ಕ ಅಲ್ಲಿನ ಮಕ್ಕಳಿಗೂ ಗೊತ್ತು.

ಆದರೆ ಈಗ ಎಲ್ಲರಿಗೂ ಅಂಗಳವಿಲ್ಲ. ಮಣಿಪಾಲದ ಫ್ಲ್ಯಾಟುಗಳಲ್ಲಿ, ಉಡುಪಿಯ ಬಾಡಿಗೆ ಮನೆಗಳಲ್ಲಿ ಗಿಡಗಳು ಕೋಣೆಯೊಳಗೆ ಬಂದಿವೆ. ಅವುಗಳ ಹಿಂದೆಯೇ ಗ್ರೋ ಲೈಟ್, ಕಾರ್ಬನ್ ಡೈಆಕ್ಸೈಡ್ ಎಂಬ ಮಾತುಗಳೂ ಬಂದಿವೆ.

ಕಾರ್ಕಳದಲ್ಲಿರುವ ನನ್ನ ತಂಗಿ ಹಿಂದಿನ ಕೋಣೆಯಲ್ಲಿ ಪುದೀನ, ಕೊತ್ತಂಬರಿ ಬೆಳೆಸಿ ಮಳೆಗಾಲದಲ್ಲಿ ಮಾರಲು ಯೋಚಿಸಿದ್ದಳು. ದೀಪದ ಜೊತೆ ಗ್ಯಾಸಿನ ಸಿಲಿಂಡರನ್ನೂ ಇಟ್ಟರೆ ಇಳುವರಿ ಹೆಚ್ಚುತ್ತದೆಂದು ಒಬ್ಬ ವ್ಯಾಪಾರಿ ನಂಬಿಸಿದ್ದ. ಎರಡು ವರ್ಷ ಕಟ್ಟಿದ ಚೀಟಿಯ ದುಡ್ಡನ್ನು ಅದಕ್ಕೇ ಹಾಕುವ ಮೊದಲು, "ಅಕ್ಕಾ, ನೀನು ವಿಜ್ಞಾನ ಕಲಿಸಿದವಳಲ್ವಾ, ಒಮ್ಮೆ ಹೇಳು" ಎಂದು ಫೋನು ಮಾಡಿದಳು.

ನಾನು ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಎಲೆಯು ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡ್ ಮತ್ತು ನೀರಿನಿಂದ ಆಹಾರ ತಯಾರಿಸುತ್ತದೆ ನಿಜ. ಆದರೆ ಅದಕ್ಕೆ ಶಕ್ತಿ ಬರುವುದು ಬೆಳಕಿನಿಂದ. ಬೆಳಕಿಲ್ಲದೆ ಗ್ಯಾಸು ತುಂಬುವುದೆಂದರೆ ಒಲೆಗೆ ಬೆಂಕಿ ಹಚ್ಚದೆ ಪಾತ್ರೆಗೆ ಅಕ್ಕಿ ಸುರಿದಂತೆ. ಬಿರುಬಿಸಿಲಿನಲ್ಲಿ ಸುಮಾರು 1 ಲಕ್ಷ ಲಕ್ಸ್ ಬೆಳಕಿದ್ದರೆ, ನಾವು ಚೆನ್ನಾಗಿ ಬೆಳಕಿದೆ ಎಂದುಕೊಳ್ಳುವ ಕೋಣೆಯಲ್ಲಿ ಇರುವುದು ಕೆಲವು ನೂರು ಲಕ್ಸ್ ಮಾತ್ರ. ಕೊರತೆ ಇರುವುದು ಅಲ್ಲಿ.

ಗಾಳಿಗೆ ಮನೆಯಲ್ಲಿ ಬರವಿಲ್ಲ. ಹೊರಗಿನ 10 ಲಕ್ಷ ಭಾಗ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಸುಮಾರು 420 ಭಾಗವಿದೆ. ಬಾಗಿಲು ಹಾಕಿದ ಕೋಣೆಯಲ್ಲಿ ಮೂವರು ಮಲಗಿದರೆ ಬೆಳಗಾಗುವಾಗ ಅದು 1000 ದಾಟುವುದು ಸಾಮಾನ್ಯ. ದೊಡ್ಡ ಗಾಜಿನ ಮನೆಗಳಲ್ಲಿ ದುಡ್ಡು ಕೊಟ್ಟು ಏರಿಸುವ ಮಟ್ಟವೂ ಹೆಚ್ಚುಕಡಿಮೆ ಅಷ್ಟೇ! ಸಿಲಿಂಡರ್ ಇಟ್ಟರೆ ಕಿಟಕಿ ತೆರೆದಾಗ ಗ್ಯಾಸು ಹೊರಗೆ ಹೋಗುತ್ತದೆ. ಮುಚ್ಚಿಟ್ಟರೆ ಮಕ್ಕಳು, ವೃದ್ಧರು ಅದನ್ನೇ ಉಸಿರಾಡಬೇಕು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತೀರಾ ಹೆಚ್ಚಾದರೆ ತಲೆನೋವು, ಉಸಿರುಗಟ್ಟುವಿಕೆ, ಪ್ರಾಣಕ್ಕೂ ಅಪಾಯ. ವಾಸದ ಮನೆಗೆ ಅದು ಬೇಡವೇ ಬೇಡ.

ರಾತ್ರಿ ಗಿಡಗಳು ಕೋಣೆಯ ಗಾಳಿ ಕೆಡಿಸುತ್ತವೆ ಎಂದು ಹೆದರುವವರೂ ಇದ್ದಾರೆ. ನಾಲ್ಕಾರು ಕುಂಡಗಳು ಬಿಡುವುದಕ್ಕಿಂತ ಪಕ್ಕದಲ್ಲಿ ಮಲಗಿದ ಮನುಷ್ಯ ಬಿಡುವುದು ಎಷ್ಟೋ ಹೆಚ್ಚು.

ಇನ್ನು ದೀಪ. ನೇರಳೆ ಬಣ್ಣದ ದುಬಾರಿ ದೀಪವೇ ಆಗಬೇಕೆಂದಿಲ್ಲ. ಗಿಡಕ್ಕೆ ಮುಖ್ಯವಾಗಿ ಬೇಕಾದ ಕೆಂಪು, ನೀಲಿ ಎರಡೂ ಬಿಳಿ ಎಲ್‌ಇಡಿಯಲ್ಲಿವೆ. ಸೊಪ್ಪಿಗೆ 6500 ಕೆ ಎಂದು ಬರೆದಿರುವ ಸಾಮಾನ್ಯ ಟ್ಯೂಬ್ ಸಾಕು. ಕೊಳ್ಳುವಾಗ ವ್ಯಾಟ್ ಮಾತ್ರ ನೋಡಬೇಡಿ, ಲ್ಯೂಮೆನ್ ಎಷ್ಟೆಂದು ನೋಡಿ. ಛಾವಣಿಯಲ್ಲಿ ತೂಗಿಸಿದರೆ ಪ್ರಯೋಜನವಿಲ್ಲ, ಎಲೆಗಿಂತ ಒಂದು ಗೇಣು ಮೇಲಿರಲಿ. ದಿನಕ್ಕೆ 12ರಿಂದ 14 ಗಂಟೆ ಉರಿಸಿ, ರಾತ್ರಿ ಆರಿಸಿ. 20 ವ್ಯಾಟಿನ ಎರಡು ಟ್ಯೂಬ್ 14 ಗಂಟೆ ಉರಿದರೆ ತಿಂಗಳಿಗೆ ಸುಮಾರು 17 ಯೂನಿಟ್. ಈ ಖರ್ಚನ್ನೂ ಸೊಪ್ಪಿನ ಬೆಲೆಯ ಜೊತೆ ತೂಗಿ ನೋಡಬೇಕು.

ತಂಗಿ ಸಿಲಿಂಡರ್ ಬಿಟ್ಟಳು. ಎರಡು ಟ್ಯೂಬ್, ಒಂದು ಸಣ್ಣ ಫ್ಯಾನು ತಂದಳು. ಆಟಿ ತಿಂಗಳ ಜಡಿಮಳೆಯಲ್ಲೂ ಪುದೀನ ಕೊಯ್ದಳು. ಸಂಪಾದನೆ ಭಾರೀ ಏನಲ್ಲ, ಆದರೆ ಚೀಟಿಯ ದುಡ್ಡಿನ ಬಹುಪಾಲು ಅವಳ ಕೈಯಲ್ಲೇ ಉಳಿಯಿತು.

ದೀಪ ಕೊಳ್ಳುವ ಮೊದಲು ನೀವೂ ಒಂದು ಪರೀಕ್ಷೆ ಮಾಡಿ. ಮಧ್ಯಾಹ್ನ ಗಿಡದ ಮೇಲೆ ಒಂದಡಿ ಎತ್ತರದಲ್ಲಿ ಅಂಗೈ ಹಿಡಿಯಿರಿ. ನೆರಳು ಸ್ಪಷ್ಟವಾಗಿ ಬಿದ್ದರೆ ಸೊಪ್ಪಿಗೆ ಆ ಜಾಗವೇ ಸಾಕು. ಮಸುಕಾಗಿ ಬಿದ್ದರೆ ಅಲ್ಲಿ ಮನಿಪ್ಲಾಂಟ್ ಇಡಿ, ಇಲ್ಲವೇ ದೀಪ ಹಾಕಿ. ಮಲ್ಲಿಗೆಯನ್ನು ಮಾತ್ರ ಒಳಗೆ ತರಬೇಡಿ. ಅದಕ್ಕೆ ತಾರಸಿಯ ಬಿಸಿಲೇ ಆಗಬೇಕು.