ಮುಖ ಮಬ್ಬಾಗಿತ್ತು, ಮನೆ ಕಾಣುತ್ತಿತ್ತು

2021ರ ಮಾರ್ಚ್ ಮೊದಲ ವಾರ. ಗೂಡಿನ ರೇಟಿನ ಬಗ್ಗೆ ಸುದ್ದಿ ಮಾಡೋಣ ಅಂತ ಶಿಡ್ಲಘಟ್ಟ ತಾಲ್ಲೂಕಿನ ಒಂದು ರೇಷ್ಮೆ ಮನೆಗೆ ಹೋಗಿದ್ದೆವು. ಹುಳ ಹಣ್ಣಾಗಿತ್ತು. ಅಜ್ಜಿ, ಸೊಸೆ, ಮಕ್ಕಳು ಎಲ್ಲರೂ ಕೂತು ಹಣ್ಣುಹುಳ ಆರಿಸಿ ಚಂದ್ರಿಕೆಗೆ ಬಿಡುತ್ತಿದ್ದರು. ಕೊರೋನಾ ಕಾರಣಕ್ಕೆ ಚಿಕ್ಕ ತರಗತಿಗಳು ಇನ್ನೂ ತೆರೆದಿರಲಿಲ್ಲ, ಹಾಗಾಗಿ ಮೂರನೇ ಕ್ಲಾಸಿನ ಹುಡುಗನೂ ಅಲ್ಲೇ ಇದ್ದ. ನಡುಮನೆಯಲ್ಲಿ ಟಿವಿ ತನ್ನ ಪಾಡಿಗೆ ಕೂಗುತ್ತಿತ್ತು. ಆಗ ಜಲಸಂಪನ್ಮೂಲ ಸಚಿವರಾಗಿದ್ದ ರಮೇಶ್ ಜಾರಕಿಹೊಳಿ ಅವರದ್ದು ಎನ್ನಲಾದ ಸಿ.ಡಿ. ಬಂದಿದ್ದ ವಾರ ಅದು. ಅವರು ಆರೋಪ ಅಲ್ಲಗಳೆದರು, ರಾಜೀನಾಮೆಯನ್ನೂ ಕೊಟ್ಟರು. ಟಿವಿಯಲ್ಲಿ ಮಾತ್ರ ಅದೇ ತುಣುಕು, ಜಾಹೀರಾತು, ಮತ್ತೆ ಅದೇ ತುಣುಕು.

"ಅಜ್ಜೀ, ಟಿವೀಲೂ ಮಂಜು ಬಿದ್ದೈತೆ, ಸ್ಕಂದಗಿರಿ ತರ" ಅಂದ ಹುಡುಗ.

ಯಾರೂ ನಗಲಿಲ್ಲ. ಸೊಸೆ ತಲೆ ತಗ್ಗಿಸಿ ಹುಳ ಆರಿಸುತ್ತಲೇ ಇದ್ದಳು. ಅಜ್ಜಿ ನಮ್ಮ ಕಡೆ ತಿರುಗಿ, "ಏನಪ್ಪಾ, ನೀನೂ ಟಿವಿಯೋನೇ ಅಲ್ವಾ? ಇದನ್ನ ಕೇಳೋರು ಗೌರ್‌ಮೆಂಟಲ್ಲಿ ಯಾರೂ ಇಲ್ವಾ?" ಅಂತ ಕೇಳಿತು.

"ಇದಾರೆ ಅಜ್ಜಿ" ಅಂದೆವು. ಯಾರು ಅಂತ ಹೇಳಲು ನಮಗೆ ಗೊತ್ತಿರಲಿಲ್ಲ. ಡಿಪ್ಲೊಮಾದಲ್ಲಿ ಮಾಧ್ಯಮ ಕಾನೂನು ಓದಿ ಪಾಸಾದವರು ನಾವು!

ಆಮೇಲೆ ಕೂತು ಓದಿದೆವು. ಕೇಬಲ್ ಟಿವಿಗೆ 1995ರ ಕಾಯ್ದೆ ಇದೆ. ಅದರ ಕೆಳಗಿನ 1994ರ ನಿಯಮಗಳಲ್ಲಿ ಆರನೇ ನಿಯಮವೇ ಕಾರ್ಯಕ್ರಮ ಸಂಹಿತೆ. (ನಿಯಮ ಮೊದಲು ಹುಟ್ಟಿ ಕಾಯ್ದೆ ಆಮೇಲೆ ಬಂತಾ ಅಂತ ಕೇಳಬೇಡಿ. ಮೊದಲು ಸುಗ್ರೀವಾಜ್ಞೆ ಬಂದಿತ್ತು.) ಸಭ್ಯತೆಗೆ, ಸದಭಿರುಚಿಗೆ ಧಕ್ಕೆ ತರುವುದನ್ನು ತೋರಿಸಬಾರದು. ಅಶ್ಲೀಲ, ಮಾನಹಾನಿ, ಅರ್ಧಸತ್ಯ ಇರಬಾರದು. ಹೆಣ್ಣನ್ನು ಕೀಳಾಗಿ ಕಾಣಿಸಬಾರದು. ಮಕ್ಕಳಿಗೆ ತಕ್ಕದ್ದಲ್ಲದ ಕಾರ್ಯಕ್ರಮವನ್ನು ಮಕ್ಕಳು ಹೆಚ್ಚಾಗಿ ಟಿವಿ ನೋಡುವ ಹೊತ್ತಿನಲ್ಲಿ ಹಾಕಬಾರದು. ಅಜ್ಜಿ ಕೇಳಿದ್ದೆಲ್ಲ ಅದರಲ್ಲೇ ಬರೆದಿದೆ.

ಬರೀ ಬರೆದಿಟ್ಟಿಲ್ಲ, ಬೀಗ ಹಾಕಿಸಿದ್ದೂ ಉಂಟು. 2007ರಲ್ಲಿ ಎಎಕ್ಸ್‌ಎನ್ ಚಾನೆಲ್ಲನ್ನು ಕೇಂದ್ರ ಸರ್ಕಾರ ಎರಡು ತಿಂಗಳು ನಿಲ್ಲಿಸಲು ಆದೇಶಿಸಿತ್ತು. ಅದೇ ವರ್ಷ ಎಫ್ ಟಿವಿಗೂ ಎರಡು ತಿಂಗಳು. ಎರಡೂ ಮೈ ತೋರಿಸಿದ್ದಕ್ಕೆ. ಮೈ ಕಂಡರೆ ಸರ್ಕಾರಕ್ಕೆ ಬೇಗ ಕಾಣುತ್ತದೆ. ಮೈಯೇ ಕಾಣದ ಅಸಭ್ಯ ಒಂದಿದೆ, ಅದರಲ್ಲಿ ನಮ್ಮ ಕೈಯೂ ಇದೆ. ಅದನ್ನು ಹೇಳಲೆಂದೇ ಇಷ್ಟು ಬರೆದದ್ದು.

ಯಾವ ತಾಲ್ಲೂಕು, ಯಾವ ವರ್ಷ ಅಂತ ಬರೆಯುವುದಿಲ್ಲ. ಯಾಕೆ ಅಂತ ಮುಂದೆ ನಿಮಗೇ ತಿಳಿಯುತ್ತದೆ. ಒಂದು ಹುಡುಗಿಯ ಮೇಲೆ ದೌರ್ಜನ್ಯವಾಗಿತ್ತು, ಪೋಕ್ಸೊ ಕೇಸಾಗಿತ್ತು. ಬೆಳಿಗ್ಗೆ ಏಳಕ್ಕೇ ಡೆಸ್ಕಿನಿಂದ ಫೋನು: "ಮನೆ ವಿಶುವಲ್ ಬೇಕು, ಅಪ್ಪ ಅಮ್ಮನ ಬೈಟ್ ಬೇಕು, ಹತ್ತರ ಬುಲೆಟಿನ್‌ಗೆ." ಬೈಕ್ ಹತ್ತಿ ಹೋದೆವು. ಒಬ್ಬರೇ ಹೋದರೂ "ನಾವು" ಅಂತ ಬರೆಯುವುದು ನಮ್ಮ ಕಸುಬಿನ ಅಭ್ಯಾಸ. ಆದರೆ ಅವತ್ತು ನಿಜವಾಗಿಯೂ ನಾವೇ ಇದ್ದದ್ದು, ಬಾಗಿಲ ಮುಂದೆ ಐದು ಮೈಕು. ಅಪ್ಪ ಮಾತಾಡಲಾರದೆ ಕೈ ಮುಗಿದರು. ಆ ಮುಗಿದ ಕೈಯನ್ನೂ ಶೂಟ್ ಮಾಡಿದೆವು. ಓಣಿ, ನೀಲಿ ಬಣ್ಣದ ಗೋಡೆ, ಗೋಡೆ ಪಕ್ಕದ ನೀರಿನ ತೊಟ್ಟಿ, ಎದುರಿನ ಗುಡಿ ಎಲ್ಲ ತೆಗೆದೆವು. ಮುಖ ಮಬ್ಬು ಮಾಡಿ ಅಂತ ಡೆಸ್ಕಿಗೆ ಬರೆದು ಕಳಿಸಿದೆವು, ಅವರು ಮಾಡಿದರು. ನಮ್ಮ ಕೆಲಸ ಸರಿಯಾಗಿದೆ ಅಂದುಕೊಂಡು ಟೀ ಕುಡಿದು ಬಂದೆವು.

ಸಂಜೆ ಹುಡುಗಿಯ ಸೋದರಮಾವ ಫೋನ್ ಮಾಡಿದರು. ಬೈಯಲಿಲ್ಲ. "ಅಣ್ಣಾ, ಮುಖ ಮಬ್ಬು ಮಾಡಿದ್ರಿ. ಗೋಡೆ ಮಾಡಲಿಲ್ಲವಲ್ಲ. ನೀಲಿ ಗೋಡೆ ಮನೆ ನಮ್ಮೂರಲ್ಲಿ ಒಂದೇ ಇರೋದು."

ಬೆಂಗಳೂರಲ್ಲಿ ಕೂತು ನೋಡುವವರಿಗೆ ಅದು ಯಾವುದೋ ಹಳ್ಳಿ, ಯಾವುದೋ ಮನೆ. ನಮ್ಮ ಹೋಬಳಿಯಲ್ಲಿ ಒಂದು ತೊಟ್ಟಿ ಕಂಡರೆ ಊರು ಗೊತ್ತಾಗುತ್ತದೆ, ಗುಡಿಯ ಬಾಗಿಲು ಕಂಡರೆ ಬೀದಿ ಗೊತ್ತಾಗುತ್ತದೆ. ಹಳ್ಳಿಯಲ್ಲಿ ಮುಖ ಯಾರಿಗೆ ಬೇಕು?

ಇದು ಕಾನೂನು ಬರೆದವರಿಗೆ ಹೊಳೆಯದ ವಿಷಯವೂ ಅಲ್ಲ. 2012ರ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಓದಿ. ಮಗುವಿನ ಹೆಸರು, ವಿಳಾಸ, ಫೋಟೊ ಮಾತ್ರವಲ್ಲ, ಕುಟುಂಬದ ವಿವರ, ಶಾಲೆ, ನೆರೆಹೊರೆ, ಗುರುತು ಸಿಗುವ ಬೇರೆ ಯಾವ ವಿವರವನ್ನೂ ಮಾಧ್ಯಮ ಹೊರಗೆ ಬಿಡುವಂತಿಲ್ಲ. ತಪ್ಪಿದರೆ ಆರು ತಿಂಗಳಿಂದ ಒಂದು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. 2018ರ ಡಿಸೆಂಬರ್‌ನಲ್ಲಿ ನಿಪುಣ್ ಸಕ್ಸೇನಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಒತ್ತಿ ಹೇಳಿತು. "ನೆರೆಹೊರೆ" ಅನ್ನುವ ಒಂದು ಪದ ನಮಗೆ ಮೊದಲೇ ಗೊತ್ತಿದ್ದಿದ್ದರೆ ಕ್ಯಾಮೆರಾ ಬ್ಯಾಗಿಂದ ಹೊರಗೆ ಬರುತ್ತಿರಲಿಲ್ಲ ಅಂತ ಹೇಳಬಹುದು. ಆದರೆ ಅದು ಪೂರ್ತಿ ನಿಜವಲ್ಲ. ಹತ್ತರ ಬುಲೆಟಿನ್‌ಗೆ ಪಕ್ಕದ ಮೈಕಿನವನು ಕಳಿಸಿ ನಾವು ಕಳಿಸದಿದ್ದರೆ ಮುಂದಿನ ತಿಂಗಳು ಬೇರೆ ಸ್ಟ್ರಿಂಜರ್ ಬರುತ್ತಾನೆ.

ಹುಡುಗಿ ಶಾಲೆ ಬಿಟ್ಟಳು. ನೆಂಟರ ಊರಿಗೆ ಕಳಿಸಿದರಂತೆ. ಬೆಳೆಹಾನಿ ಸುದ್ದಿಗೆಂದು ಆ ಕಡೆ ಹೋದಾಗ ನೋಡಿದೆವು, ಗೋಡೆಗೆ ಸುಣ್ಣ ಹೊಡೆದಿದ್ದರು. ಒಳಗೆ ಹೋಗುವ ಧೈರ್ಯ ಬರಲಿಲ್ಲ.

ಮತ್ತೆ 2021ಕ್ಕೆ ಬರೋಣ. ಸಿ.ಡಿ. ಗದ್ದಲ ಎದ್ದ ಅದೇ ವಾರ ಆರು ಮಂದಿ ಸಚಿವರು ಬೆಂಗಳೂರಿನ ಸಿವಿಲ್ ಕೋರ್ಟಿಗೆ ಹೋದರು. ನಮ್ಮ ಚಿಕ್ಕಬಳ್ಳಾಪುರದ ಶಾಸಕರೂ ಆಗಿನ ಆರೋಗ್ಯ ಸಚಿವರೂ ಆಗಿದ್ದ ಡಾ. ಕೆ. ಸುಧಾಕರ್ ಅವರಲ್ಲಿ ಒಬ್ಬರು. ತಮ್ಮ ವಿರುದ್ಧ ಮಾನಹಾನಿಯಾಗುವಂಥದ್ದನ್ನು ಪ್ರಸಾರ ಮಾಡದಂತೆ 60ಕ್ಕೂ ಹೆಚ್ಚು ಮಾಧ್ಯಮ ಸಂಸ್ಥೆಗಳ ಮೇಲೆ ತಡೆಯಾಜ್ಞೆ ತಂದರು. ಕೋರ್ಟಿಗೆ ಹೋಗುವುದು ಅವರ ಹಕ್ಕು, ನಮ್ಮ ತಕರಾರು ಅದಕ್ಕಲ್ಲ. ಅದೇ ವೇಗ ನೀಲಿ ಗೋಡೆಯ ಮನೆಗೆ ಯಾಕೆ ಸಿಗಲಿಲ್ಲ? ಅವತ್ತು ಸೋದರಮಾವ "ಇದನ್ನ ನಿಲ್ಲಿಸೋಕೆ ಯಾರ ಹತ್ರ ಹೋಗಬೇಕು" ಅಂತ ಕೇಳಿದ್ದರು. ಸ್ಟೇಷನ್ನಿಗೆ ಹೋಗಿ ನೋಡಿ ಅಂತ ಹೇಳಿ ಫೋನ್ ಇಟ್ಟಿದ್ದೆವು. ಡೆಸ್ಕಿಗೆ ಒಂದು ಫೋನ್ ಮಾಡಿ ತೆಗೆಸುವುದು ಬಿಟ್ಟು!

ಈಗ ಕೇಳಿದರೆ ಹೀಗೆ ಹೇಳುತ್ತೇವೆ. 2021ರ ಜೂನ್‌ನಿಂದ ಟಿವಿ ದೂರಿಗೆ ಮೂರು ಮೆಟ್ಟಿಲು ಇವೆ. ಚಾನೆಲ್, ಕಾರ್ಯಕ್ರಮ, ದಿನಾಂಕ, ಹೊತ್ತು ಬರೆದುಕೊಂಡು ಮೊದಲು ಆ ಚಾನೆಲ್ಲಿಗೇ ದೂರು ಕೊಡಬೇಕು. ದೂರು ಬಂತು ಅಂತ ಅವರು 24 ಗಂಟೆಯಲ್ಲಿ ತಿಳಿಸಬೇಕು, 15 ದಿನದಲ್ಲಿ ತೀರ್ಮಾನ ಹೇಳಬೇಕು. ಸಮಾಧಾನ ಆಗದಿದ್ದರೆ ಇನ್ನು 15 ದಿನದೊಳಗೆ ಆ ಚಾನೆಲ್ ಸೇರಿರುವ ಸ್ವಯಂ ನಿಯಂತ್ರಣ ಸಂಸ್ಥೆಗೆ ಮೇಲ್ಮನವಿ, ಕೊನೆಗೆ ಕೇಂದ್ರ ಸರ್ಕಾರ. ಗೌರಿಬಿದನೂರು ಕಡೆ ಅರ್ಧ ಮನೆಗಳಲ್ಲಿ ನೋಡುವುದು ತೆಲುಗು ಚಾನೆಲ್, ಅವಕ್ಕೂ ಇದೇ ದಾರಿ. ಊರಿನ ಕೇಬಲ್‌ನವರೇ ಹಾಕುವ ಲೋಕಲ್ ಚಾನೆಲ್ ಮೇಲೆ ಕಣ್ಣಿಡಲು ಜಿಲ್ಲೆಗೊಂದು ಸಮಿತಿ ಇರಬೇಕು ಅಂತ ಕೇಂದ್ರ 2008ರಲ್ಲೇ ಹೇಳಿದೆ. ಜಿಲ್ಲಾಧಿಕಾರಿ ಅಧ್ಯಕ್ಷರು, ಎಸ್‌ಪಿ ಇರುತ್ತಾರೆ, ಒಬ್ಬ ಮಹಿಳಾ ಕಾಲೇಜು ಪ್ರಿನ್ಸಿಪಾಲರು ಇರುತ್ತಾರೆ. ಒಂದು ಕಚೇರಿಯಲ್ಲಿ ಈ ಸಮಿತಿ ಬಗ್ಗೆ ಕೇಳಿದಾಗ "ಯಾವ ಸಮಿತಿ ಸಾರ್?" ಅಂತ ನಮ್ಮನ್ನೇ ಕೇಳಿದರು.

ಹದಿನೈದು ದಿನ ಅಂದರೆ ಏನು ಗೊತ್ತಾ? ನಮ್ಮಲ್ಲಿ ಹದಿನೈದು ದಿನದಲ್ಲಿ ಸಂಬಂಧ ಮುರಿಯುತ್ತದೆ, ಟಿ.ಸಿ. ತೆಗೆದುಕೊಳ್ಳುತ್ತಾರೆ, ಮನೆ ಖಾಲಿ ಮಾಡುತ್ತಾರೆ.

ಹಾಗಂತ ಸರ್ಕಾರದ ಕೈಗೇ ಸ್ವಿಚ್ ಕೊಟ್ಟುಬಿಡಿ ಅನ್ನುವವರ ಜೊತೆ ನಾವಿಲ್ಲ. 2012ರ ಫೆಬ್ರುವರಿಯಲ್ಲಿ ವಿಧಾನಸಭೆಯೊಳಗೇ ಮೊಬೈಲ್‌ನಲ್ಲಿ ಅಶ್ಲೀಲ ದೃಶ್ಯ ನೋಡುತ್ತಿದ್ದುದನ್ನು ಹಿಡಿದದ್ದು ಖಾಸಗಿ ಚಾನೆಲ್ಲಿನ ಕ್ಯಾಮೆರಾ. ಮೂವರು ಸಚಿವರು ರಾಜೀನಾಮೆ ಕೊಟ್ಟರು. 2019ರ ಅಕ್ಟೋಬರ್‌ನಲ್ಲಿ ಸ್ಪೀಕರ್ ವಿಶ್ವೇಶ್ವರ ಹೆಗಡೆ ಕಾಗೇರಿ ಖಾಸಗಿ ಕ್ಯಾಮೆರಾಗಳನ್ನೇ ಸದನದಿಂದ ಹೊರಗಿಟ್ಟರು. ರೇಡಿಯೊ ಕತೆ ಇನ್ನೂ ಬಿಗಿ. ನಮ್ಮ ಪಕ್ಕದ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ಹಳ್ಳಿಯವರೇ ಸೇರಿ "ನಮ್ಮ ಧ್ವನಿ" ಶುರು ಮಾಡಿದಾಗ ರೇಡಿಯೊ ಪರವಾನಗಿ ಸಿಗುವಂತಿರಲಿಲ್ಲ, ಕೇಬಲ್ ತಂತಿಯಲ್ಲೇ ಧ್ವನಿ ಹರಿಸಿದರು. ಇಂದಿಗೂ ಸಮುದಾಯ ರೇಡಿಯೊ ತನ್ನೂರಿನ ಸುದ್ದಿಯನ್ನು ತಾನೇ ಮಾಡಿ ಓದುವಂತಿಲ್ಲ, ಆಕಾಶವಾಣಿಯ ಸುದ್ದಿಯನ್ನೇ ಹಾಕಬೇಕು. ನೀಲಿ ಗೋಡೆ ತೋರಿಸಿದ ನಮಗೆ ಯಾರೂ ಏನೂ ಕೇಳಲಿಲ್ಲ.

ಮೊನ್ನೆ ಮತ್ತೊಂದು ಪೋಕ್ಸೊ ಕೇಸು. ಮತ್ತೆ ಬೆಳಿಗ್ಗೆ ಏಳಕ್ಕೆ ಫೋನು, ಮನೆ ವಿಶುವಲ್ ಬೇಕು ಅಂತ. ಸ್ಟೇಷನ್ ಬೋರ್ಡ್ ಮಾತ್ರ ಶೂಟ್ ಮಾಡಿ, ಯಾವ ಠಾಣೆ ಅಂತ ಓದಲಾಗದ ಹಾಗೆ ಕತ್ತರಿಸಿ ಕಳಿಸಿದೆವು. "ಇದೇನ್ರೀ, ಮನೆ ಎಲ್ಲಿ?" ಅಂದರು. 23ನೇ ಸೆಕ್ಷನ್ ಹೇಳಿದೆವು. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ಆಯ್ತು, ಫೈಲ್ ಶಾಟ್ ಹಾಕ್ತೀವಿ" ಅಂತ ಇಟ್ಟರು. ಆ ಸ್ಟೋರಿಯ ದುಡ್ಡು ಇನ್ನೂ ಬಂದಿಲ್ಲ.